ಬೆಕ್ಕಿನ ತಾತ ಮತ್ತು ಚೀನಾದ ಬಳಪದ ಕಲ್ಲು

ನಮ್ಮ ಅತ್ತೆ ಮನೆಯ ಶೋಕೇಸಿನಲ್ಲಿ ಒಂದು ಪುಟ್ಟ ಕಲ್ಲಿನ ಬೊಂಬೆ ಇದೆ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು. ಬೋಳುತಲೆಯ, ಹುಬ್ಬು ಇಳಿಬಿದ್ದ ಮುದುಕನೊಬ್ಬ ಕಾಲು ಮಡಚಿ ಕೂತಿದ್ದಾನೆ. ಪಕ್ಕದಲ್ಲೊಂದು ಪ್ರಾಣಿ ಅವನ ಮೊಣಕಾಲಿಗೆ ತಲೆ ಒರಗಿಸಿ ಮಲಗಿದೆ. ಮುದುಕನ ಮೈ ಹಳೇ ಬೆಣ್ಣೆಯ ಬಣ್ಣ, ಪ್ರಾಣಿ ಕಂದು. ಚಿಕ್ಕವರಿದ್ದಾಗ ನಾವು ಅದಕ್ಕೆ ‘ಬೆಕ್ಕಿನ ತಾತ’ ಅಂತ ಹೆಸರಿಟ್ಟಿದ್ದೆವು. ಅತ್ತೆಯ ಮಾವ ಹಡಗಿನ ಕೆಲಸದಲ್ಲಿದ್ದವರು, ಹಾಂಗ್‌ಕಾಂಗ್ ಬಂದರಿನಲ್ಲಿ ಕೊಂಡು ತಂದದ್ದಂತೆ. ತಳದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಚೈನಾ’ ಎಂದು ಕೊರೆದಿದೆ.

ಆರೇಳು ವರ್ಷದವನಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅದನ್ನು ಹೊರಗೆ ತೆಗೆದು ಜಗಲಿಯ ಕಾವಿ ನೆಲದ ಮೇಲೆ ಉಜ್ಜಿದೆ. ಬಳಪದಲ್ಲಿ ಬರೆದ ಹಾಗೆ ಬಿಳಿ ಗೆರೆ ಮೂಡಿತು! ಕುಂಟೆಬಿಲ್ಲೆಗೆ ಮನೆ ಬರೆದು ಮುಗಿಸುವ ಹೊತ್ತಿಗೆ ಅತ್ತೆ ಬಂದರು. ‘ಎಂತ ಮಾಡಿದ್ದು ಮಾರಾಯ! ಮಾವ ಅಷ್ಟು ದೂರದಿಂದ ತಂದದ್ದು, ಅದರಲ್ಲಿ ನೆಲಕ್ಕೆ ಬರೆಯುವುದಾ?’ ಅಂತ ಬೈದರು. ತಳದ ಒಂದು ಮೂಲೆ ಸವೆದದ್ದು ಈಗಲೂ ಕಾಣುತ್ತದೆ.

ಆ ಬಿಳಿ ಗೆರೆಯಲ್ಲೇ ಚೀನಾದ ಇಂಥ ಕಲ್ಲಿನ ಬೊಂಬೆಗಳ ಅರ್ಧ ಕಥೆ ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಅಂಗಡಿಯವರು ಇದನ್ನು ‘ಸೋಪ್‌ಸ್ಟೋನ್’ ಎನ್ನುತ್ತಾರೆ. ಮುಟ್ಟಿದರೆ ಸಾಬೂನಿನ ಹಾಗೆ ನುಣುಪು, ಅದಕ್ಕೇ ಆ ಹೆಸರು. ನಮ್ಮಲ್ಲಿ ಇಂಥ ಕಲ್ಲಿಗೆ ಬಳಪದ ಕಲ್ಲು ಅಂತಲೇ ಹೆಸರು. ಆದರೆ ಸೋಪ್‌ಸ್ಟೋನ್ ಎನ್ನುವುದು ಒಂದೇ ಕಲ್ಲಿನ ಹೆಸರಲ್ಲ. ಬೇರೆ ಬೇರೆ ಖನಿಜಗಳನ್ನು ಈ ಒಂದೇ ಚೀಲಕ್ಕೆ ತುಂಬಿದ್ದಾರೆ. ಸರಿಯಾಗಿ ಹೇಳಬೇಕೆಂದರೆ ಅದು ಟಾಲ್ಕ್ ಜಾಸ್ತಿ ಇರುವ ಕಲ್ಲು. ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಇರುವುದೂ ಇದೇ ಟಾಲ್ಕ್. ಅದರಲ್ಲಿ ಮೆಗ್ನೀಸಿಯಂ ಇರುತ್ತದೆ. ಚೀನಾದ ಹೆಸರಾಂತ ಕೆತ್ತನೆ ಕಲ್ಲುಗಳಲ್ಲಿ ಹೆಚ್ಚಿನವು ಹಾಗಲ್ಲ. ಅವು ಪೈರೋಫಿಲೈಟ್, ಡಿಕೈಟ್ ಎಂಬ ಖನಿಜಗಳು, ಅವುಗಳಲ್ಲಿ ಇರುವುದು ಅಲ್ಯುಮಿನಿಯಂ. ಕೈಗೆ ಮಾತ್ರ ಎರಡೂ ಹೆಚ್ಚು ಕಡಿಮೆ ಒಂದೇ ಥರ ನುಣುಪು.

ಎಷ್ಟು ಮೆದು? ಕಲ್ಲುಗಳ ಗಟ್ಟಿತನ ಅಳೆಯಲು 1ರಿಂದ 10ರವರೆಗಿನ ಮೋಸ್ ಅಳತೆ ಇದೆ. ಟಾಲ್ಕ್ 1, ವಜ್ರ 10. ನಮ್ಮ ಉಗುರು ಸುಮಾರು 2.5, ಚಾಕುವಿನ ಉಕ್ಕು 5.5ರ ಆಸುಪಾಸು. ಚೀನಾದ ಈ ಕಲ್ಲುಗಳು ಹೆಚ್ಚಾಗಿ 2ರಿಂದ 3ರ ಒಳಗೆ ಬರುತ್ತವೆ. ಚೀನೀಯರು ದೇವರ ಹಾಗೆ ಕಾಣುವ ಜೇಡ್ ಕಲ್ಲು 6ಕ್ಕಿಂತ ಮೇಲೆ. ಜೇಡನ್ನು ಉಳಿಯಲ್ಲಿ ಕೆತ್ತಲು ಬರುವುದಿಲ್ಲ, ಗಟ್ಟಿ ಮರಳು ಹಾಕಿ ತಿಂಗಳುಗಟ್ಟಲೆ ತೇಯಬೇಕು. ಈ ಮೆದು ಕಲ್ಲಿಗೆ ಒಂದು ಚೂಪು ಉಳಿ ಸಾಕು. ಹುಬ್ಬಿನ ಕೂದಲನ್ನು ಒಂದೊಂದಾಗಿ ಎಳೆಯಬಹುದು.

ಬೇಲೂರು, ಹಳೇಬೀಡು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹೊಯ್ಸಳರ ಶಿಲ್ಪಿಗಳು ಸರಪಣಿಯ ಕೊಂಡಿ, ಜಡೆಯ ಎಳೆ, ಬಳೆಯ ಸಂದು ಎಲ್ಲವನ್ನೂ ಕಲ್ಲಿನಲ್ಲಿ ತೆಗೆದದ್ದು ಮೆದು ಕಲ್ಲು ಸಿಕ್ಕಿದ್ದರಿಂದಲೇ. ಅದು ಕ್ಲೋರೈಟ್ ತುಂಬಿದ ಬೂದು ಹಸಿರು ಕಲ್ಲು. ಖನಿಜದ ಲೆಕ್ಕದಲ್ಲಿ ಚೀನಾದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಮೆದು ಎನ್ನುವ ಗುಣದಲ್ಲಿ ಮಾತ್ರ ಅಣ್ಣತಮ್ಮಂದಿರು. ನಮ್ಮವರು ಅದರಲ್ಲಿ ದೇವಸ್ಥಾನವನ್ನೇ ಕಟ್ಟಿದರು. ಚೀನಾದವರು ಅಂಗೈಗೆ ಹಿಡಿಸುವ ವಸ್ತು ಮಾಡಿದರು.

ಯಾಕೆ ಅಷ್ಟು ಚಿಕ್ಕದು? ಕಾರಣ ಮೊಹರು. ಚೀನಾದಲ್ಲಿ ಸಹಿಯ ಬದಲು ಮೊಹರು ಒತ್ತುವ ರೂಢಿ ಬಹಳ ಹಳೆಯದು. ಮೊದಲೆಲ್ಲ ಅದನ್ನು ಕಂಚು, ಜೇಡ್, ದಂತದಲ್ಲಿ ಮಾಡುತ್ತಿದ್ದರು. ಅದು ಕಸುಬುದಾರರ ಕೆಲಸ, ಓದುಬರಹದವರ ಕೈಗೆ ಬಗ್ಗುವಂಥದ್ದಲ್ಲ. 14ನೇ ಶತಮಾನದಲ್ಲಿ ವಾಂಗ್ ಮ್ಯೆನ್ ಎಂಬ ಚಿತ್ರಕಾರ ಮೆದು ಕಲ್ಲಿನಲ್ಲಿ ತನ್ನ ಮೊಹರನ್ನು ತಾನೇ ಕೊರೆದುಕೊಂಡ ಎನ್ನುತ್ತಾರೆ. ಇನ್ನೂರು ವರ್ಷದ ನಂತರ ವೆನ್ ಪೆಂಗ್ ಎಂಬ ಪಂಡಿತ ಬಂದ. ಅವನದ್ದೊಂದು ಚೆಂದದ ಕಥೆ ಇದೆ. ನಾನ್‌ಜಿಂಗಿನ ಬೀದಿಯಲ್ಲಿ ಒಬ್ಬ ಮುದುಕ ಕತ್ತೆಯ ಮೇಲೆ ಬುಟ್ಟಿಗಟ್ಟಲೆ ಕಲ್ಲು ಹೇರಿಕೊಂಡು ಬಂದು, ಕೂಲಿ ಸಾಲದು ಅಂತ ಅಂಗಡಿಯವನ ಹತ್ತಿರ ಜಗಳವಾಡುತ್ತಿದ್ದನಂತೆ. ವೆನ್ ಪೆಂಗ್ ದುಡ್ಡು ಕೊಟ್ಟು ಅಷ್ಟೂ ಕಲ್ಲನ್ನು ತಾನೇ ಕೊಂಡ. ಆಮೇಲೆ ಅವನು ದಂತವನ್ನು ಬಿಟ್ಟೇ ಬಿಟ್ಟನಂತೆ. ಕಥೆ ಎಷ್ಟು ನಿಜವೋ, ಅಂತೂ ಅವನ ಕಾಲದಿಂದ ಪಂಡಿತರೆಲ್ಲ ಕಲ್ಲಿನ ಹುಚ್ಚಿಗೆ ಬಿದ್ದರು. ಮೊಹರಿನ ತಲೆಯ ಮೇಲೆ ಹಿಡಿಯಲು ಒಂದು ಗುಬುಟು ಬೇಕಲ್ವಾ? ಅಲ್ಲಿ ಸಿಂಹ ಬಂತು, ಆಮೆ ಬಂತು. ಆ ಗುಬುಟಿನಲ್ಲಿ ಪಳಗಿದ ಕೈಗಳೇ ಬುದ್ಧನ ಪರಿವಾರವನ್ನೂ ಕೆತ್ತಿದ್ದು.

ಈ ಕಲ್ಲುಗಳ ನಾಲ್ಕು ತವರುಗಳು ಹೆಸರುವಾಸಿ. ಫೂಜಿಯಾನ್ ಪ್ರಾಂತದ ಶೌಷಾನ್, ಝೆಜಿಯಾಂಗ್ ಪ್ರಾಂತದ ಚಿಂಗ್‌ತ್ಯೆನ್ ಮತ್ತು ಚಾಂಗ್‌ಹ್ವಾ, ಇನ್ನರ್ ಮಂಗೋಲಿಯಾದ ಬಾಲಿನ್. ಚಾಂಗ್‌ಹ್ವಾದ ಕಲ್ಲಿಗೆ ‘ಕೋಳಿರಕ್ತದ ಕಲ್ಲು’ ಎನ್ನುತ್ತಾರೆ, ಯಾಕೆಂದರೆ ಅದರೊಳಗೆ ಕೆಂಪು ಚೆಲ್ಲಿದ ಹಾಗಿರುತ್ತದೆ. ಆ ಕೆಂಪು ಪಾದರಸದ ಖನಿಜವಾದ ಇಂಗಳೀಕ. ಬಿಸಿಲಿಗೆ ಇಟ್ಟರೆ ಕಾಲಕ್ರಮೇಣ ಕಪ್ಪಾಗುತ್ತದೆ.

ಬುದ್ಧನ ಸಂಬಂಧ ನೋಡಬೇಕಿದ್ದರೆ ಶೌಷಾನಿಗೇ ಹೋಗಬೇಕು. ಅದು ಫೂಜೌ ನಗರದ ಉತ್ತರಕ್ಕೆ ಬೆಟ್ಟದ ನಡುವಿನ ಹಳ್ಳಿ. ಅಲ್ಲಿ ತಾಂಗ್ ರಾಜರ ಕಾಲದಲ್ಲಿ (7–10ನೇ ಶತಮಾನ) ಗ್ವಾಂಗ್‌ಯಿಂಗ್ ಎಂಬ ಬೌದ್ಧ ವಿಹಾರ ಕಟ್ಟಿದರು. ಅಲ್ಲಿಯ ಭಿಕ್ಷುಗಳು ಸುತ್ತಲ ಬೆಟ್ಟದ ಕಲ್ಲು ಅಗೆದು ಜಪಮಣಿ ಮತ್ತು ಸಣ್ಣಪುಟ್ಟ ವಸ್ತು ಮಾಡಿ ಬಂದವರಿಗೆ ಕೊಡುತ್ತಿದ್ದರು. ನಮ್ಮಲ್ಲಿ ಕ್ಷೇತ್ರಕ್ಕೆ ಹೋದವರು ಪ್ರಸಾದದ ಜೊತೆ ಏನಾದರೂ ತರುವುದಿಲ್ಲವೇ, ಹಾಗೆ. ಮುಂದೆ ಮಿಂಗ್ ರಾಜರ ಕಾಲದಲ್ಲಿ (14–17ನೇ ಶತಮಾನ) ವಿಹಾರ ಬೆಂಕಿಗೆ ಸಿಕ್ಕಿ ಹಾಳಾಯಿತು. ಭಿಕ್ಷುಗಳು ಕೂಡಿಟ್ಟ ಕಲ್ಲುಗಳು ಮಣ್ಣಿನಡಿ ಉಳಿದವು. ಶತಮಾನಗಳ ಕಾಲ ಮಣ್ಣಲ್ಲಿದ್ದು ಅವುಗಳ ಬಣ್ಣ ಮಾಗಿತು. ಆಮೇಲೆ ಅಗೆದು ತೆಗೆದವರು ಅದಕ್ಕೆ ‘ಗುಡಿಯಂಗಳದ ಕಲ್ಲು’ ಎಂಬ ಅರ್ಥದ ಹೆಸರಿಟ್ಟರು. ಇಂದಿಗೂ ಕಲ್ಲಿನ ಹುಚ್ಚಿನವರು ಅದನ್ನು ಬೇರೆ ಜಾತಿಯೆಂದೇ ಎಣಿಸುತ್ತಾರೆ. ಗಣಿಯಿಂದ ಬಂದದ್ದಲ್ಲ, ಭಿಕ್ಷುವಿನ ಕೈ ಮುಟ್ಟಿ ಬಂದದ್ದು ಎನ್ನುವುದು ಅದರ ಬೆಲೆ.

ಅದೇ ಹಳ್ಳಿಯಲ್ಲಿ ಇನ್ನೊಂದು ವಿಚಿತ್ರ ಇದೆ. ಗದ್ದೆಯಲ್ಲಿ ಸಿಗುವ ಕಲ್ಲು. ಎಷ್ಟೋ ಕಾಲದ ಹಿಂದೆ ಬೆಟ್ಟದ ಮೇಲಿನ ಪದರದಿಂದ ಕಳಚಿದ ತುಂಡುಗಳು ತೊರೆಗೆ ಉರುಳಿ, ಕೆಳಗಿನ ಭತ್ತದ ಗದ್ದೆಯ ಕೆಸರಿನಡಿ ಹೂತುಹೋದವು. ನೀರು, ಮಣ್ಣು, ಕಬ್ಬಿಣದ ಅಂಶ ಸೇರಿ ಜೇನಿನ ಹಳದಿ ಹಿಡಿಯಿತು. ಇದಕ್ಕೆ ತ್ಯೆನ್‌ಹ್ವಾಂಗ್ ಎನ್ನುತ್ತಾರೆ. ತ್ಯೆನ್ ಅಂದರೆ ಗದ್ದೆ, ಹ್ವಾಂಗ್ ಅಂದರೆ ಹಳದಿ. ಬೆಳಕಿಗೆ ಹಿಡಿದರೆ ಒಳಗೆ ಮೂಲಂಗಿ ಹೆಚ್ಚಿದಾಗ ಕಾಣುವಂಥ ಸಣ್ಣ ನಾರು ಕಾಣುತ್ತದೆ. ಒಂದು ತೂಕ ಕಲ್ಲಿಗೆ ಅಷ್ಟೇ ತೂಕದ ಚಿನ್ನ ಎಂಬ ಮಾತಿತ್ತು, ಈಗ ಒಳ್ಳೆಯ ತುಂಡಿಗೆ ಚಿನ್ನದ ಬೆಲೆ ಏನೂ ಸಾಲದು. ಚೆನ್‌ಲುಂಗ್ ಎಂಬ 18ನೇ ಶತಮಾನದ ಚಕ್ರವರ್ತಿಯ ಬಳಿ ಇದೇ ಕಲ್ಲಿನ ಮೂರು ಮೊಹರುಗಳಿದ್ದವು. ಮೂರನ್ನೂ ಕೂಡಿಸುವ ಸರಪಣಿಯ ಸಮೇತ ಒಂದೇ ಕಲ್ಲಿನಲ್ಲಿ ಕೆತ್ತಿದ್ದು. ಕೊನೆಯ ಚಕ್ರವರ್ತಿ ಪೂಯಿ ಸಿಂಹಾಸನ ಹೋದ ಮೇಲೂ ಅದನ್ನು ಬಚ್ಚಿಟ್ಟುಕೊಂಡೇ ತಿರುಗಿದ. ಈಗ ಅದು ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟು ಬೆಲೆಯ ಕಲ್ಲನ್ನು ಕೆತ್ತಿ ತೆಗೆದು ಹಾಳು ಮಾಡುವವರು ಯಾರು? ಅದಕ್ಕೇ ಫೂಜೌನಲ್ಲಿ ಮೇಲ್ಮೈಯನ್ನು ಕೂದಲೆಳೆಯಷ್ಟು ಮಾತ್ರ ಕೆರೆದು ಚಿತ್ರ ಮೂಡಿಸುವ ಒಂದು ಕಲೆಯೇ ಬೆಳೆಯಿತು. ಲಿನ್ ಚಿಂಗ್‌ಚಿಂಗ್ (1876–1948) ಅದರಲ್ಲಿ ಎತ್ತಿದ ಕೈ.

ಇನ್ನು ಕೆತ್ತುವ ಬಗೆ. ಫೂಜೌನ ಕಸುಬುದಾರರಲ್ಲಿ ಒಂದು ಮಾತಿದೆ: ಒಂದು ನೋಟ ಒಂಬತ್ತು ಕೆಲಸಕ್ಕೆ ಸಮ. ಉಳಿ ಹಿಡಿಯುವ ಮೊದಲು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುವುದೇ ದೊಡ್ಡ ಕೆಲಸ ಎಂದರ್ಥ. ಬಣ್ಣ ಎಲ್ಲಿ ಬದಲಾಗುತ್ತದೆ, ಬಿರುಕು ಎಲ್ಲಿಗೆ ಓಡುತ್ತದೆ, ಕೊಳಕು ಚುಕ್ಕೆ ಎಲ್ಲಿದೆ ಅಂತ ನೋಡಬೇಕು. ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಲ್ಲು ಸುಮ್ನೆ ಮೇಜಿನ ಮೇಲೆ ಕೂತಿರುತ್ತದೆ.

ನಮ್ಮ ಬೆಕ್ಕಿನ ತಾತನನ್ನೇ ನೋಡಿ. ಇದು ಒಂದೇ ತುಂಡು ಕಲ್ಲು, ಬಣ್ಣ ಬಳಿದದ್ದಲ್ಲ. ತುಂಡಿನ ಬಹುಪಾಲು ತಿಳಿ ಹಳದಿ, ಒಂದು ಮಗ್ಗುಲಿಗೆ ಮಾತ್ರ ಕಂದು ಪಟ್ಟೆ. ಕೆತ್ತಿದವನು ಹಳದಿಯಲ್ಲಿ ಮನುಷ್ಯನನ್ನೂ ಕಂದಿನಲ್ಲಿ ಪ್ರಾಣಿಯನ್ನೂ ಕಂಡಿದ್ದಾನೆ. ಅವನ ಜಾಣತನ ಗೊತ್ತಾಗುವುದು ಒಂದು ಕಡೆ. ಕಂದು ಪಟ್ಟೆಯ ಒಂದು ಎಳೆ ಮುದುಕನ ಮಡಿಲಿನವರೆಗೂ ನುಗ್ಗಿದೆ. ಅದನ್ನು ಕೆರೆದು ತೆಗೆಯುವ ಬದಲು ಪ್ರಾಣಿಯ ಬಾಲ ಮಾಡಿಬಿಟ್ಟಿದ್ದಾನೆ. ಹೀಗೆ ಕಲ್ಲಿನ ಬಣ್ಣಕ್ಕೇ ಕೆಲಸ ಹಚ್ಚುವುದನ್ನು ಚೀನೀ ಭಾಷೆಯಲ್ಲಿ ‘ಜಾಣ ಬಣ್ಣ’ ಎನ್ನುತ್ತಾರೆ. ಒಳ್ಳೆಯ ಕೆತ್ತನೆ ಗುರುತಿಸಲು ನನ್ನ ಮೊದಲ ಲೆಕ್ಕ ಇದೇ. ಬಣ್ಣ ಸುಮ್ನೆ ಬಂದು ಕೂತಿದೆಯೋ, ಅಥವಾ ಅದಕ್ಕೊಂದು ಕೆಲಸ ಸಿಕ್ಕಿದೆಯೋ?

ಉಳಿದ ಹಂತಗಳು ಬಡಗಿಯ ಕೆಲಸದ ಹಾಗೆ. ದೊಡ್ಡ ಉಳಿಯಲ್ಲಿ ಒರಟು ರೂಪ, ಚಿಕ್ಕದರಲ್ಲಿ ಮೈಕೈ, ಚೂಪು ಉಳಿಯಲ್ಲಿ ಕಣ್ಣು, ಬೆರಳು, ಬಟ್ಟೆಯ ನೆರಿಗೆ. ಕೊನೆಗೆ ಹೊಳಪು ಬರುವವರೆಗೆ ಉಜ್ಜುತ್ತಾರೆ. ಚಿಂಗ್‌ತ್ಯೆನ್ ಕಡೆ ಬೊಂಬೆಯನ್ನು ಬೆಚ್ಚಗೆ ಮಾಡಿ ಮೇಣ ಹಚ್ಚುತ್ತಾರೆ, ಶೌಷಾನ್ ಕಲ್ಲಿಗೆ ಎಣ್ಣೆ ಸವರುವುದು ಜಾಸ್ತಿ. ಈಗ ಒರಟು ಕೆಲಸಕ್ಕೆಲ್ಲ ಕರೆಂಟಿನ ಯಂತ್ರ ಬಂದಿದೆ. ಇದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚೆಂದದ ಬೊಂಬೆಯ ಹಿಂದೆ ಕೆಮ್ಮುವ ಒಬ್ಬ ಮನುಷ್ಯ ಇರಬಹುದು ಎಂಬುದು ಶೋಕೇಸಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಈ ಬೊಂಬೆಗಳಲ್ಲಿ ಇರುವವರೆಲ್ಲ ಯಾರು? ದಪ್ಪ ಹೊಟ್ಟೆಯವನಿಂದ ಶುರು ಮಾಡೋಣ. ನಾವು ‘ಲಾಫಿಂಗ್ ಬುದ್ಧ’ ಎನ್ನುವವನು ಗೌತಮ ಬುದ್ಧನೇ ಅಲ್ಲ! ಅವನು ಬುದಾಯ್. ಹೆಸರಿನ ಅರ್ಥ ಬಟ್ಟೆಯ ಚೀಲ. 10ನೇ ಶತಮಾನದ ಆರಂಭದವರೆಗೆ ಝೆಜಿಯಾಂಗಿನ ಫೆಂಗ್‌ಹ್ವಾದಲ್ಲಿ ಇದ್ದ ಒಬ್ಬ ಅಲೆಮಾರಿ ಭಿಕ್ಷು, ನಿಜ ಹೆಸರು ಚೀತ್ಸ್. ಹೆಗಲಿಗೆ ಚೀಲ ಹಾಕಿಕೊಂಡು ಸಂತೆಯಲ್ಲಿ ತಿರುಗುತ್ತ ಸಿಕ್ಕಿದ್ದನ್ನೆಲ್ಲ ಅದಕ್ಕೆ ತುಂಬುತ್ತಿದ್ದನಂತೆ. ಸಾಯುವಾಗ ಒಂದು ಪದ್ಯ ಹೇಳಿ, ಮೈತ್ರೇಯ ನಿಮ್ಮ ನಡುವೆಯೇ ಇದ್ದ, ನೀವು ಗುರುತು ಹಿಡಿಯಲಿಲ್ಲ ಎಂದು ಸೂಚಿಸಿದನೆಂದು ನಂಬಿಕೆ. ಮೈತ್ರೇಯ ಅಂದರೆ ಮುಂದೆ ಬರಲಿರುವ ಬುದ್ಧ. ಅಲ್ಲಿಂದ ಬುದಾಯ್ ಮೈತ್ರೇಯನ ಅವತಾರವಾದ. ಹಾಂಗ್‌ಜೌ ಬಳಿಯ ಫೆಯ್‌ಲಾಯ್ ಬೆಟ್ಟದ ಬಂಡೆಯಲ್ಲಿ ಸಾಂಗ್ ರಾಜರ ಕಾಲದಲ್ಲಿ (10–13ನೇ ಶತಮಾನ) ಕೆತ್ತಿದ ದೊಡ್ಡ ಬುದಾಯ್ ಇದ್ದಾನೆ, ಹೊಟ್ಟೆ ಬಿಟ್ಟುಕೊಂಡು ನಗುತ್ತಾ. ಅಂದಹಾಗೆ ಆ ಬೆಟ್ಟದ ಹೆಸರಿನ ಅರ್ಥ ‘ಹಾರಿಬಂದ ಬೆಟ್ಟ’. ಎಲ್ಲಿಂದ? ಭಾರತದಿಂದ! ಅಲ್ಲಿಗೆ ಹೋದ ಭಾರತದ ಭಿಕ್ಷು ಒಬ್ಬ ಇದು ಬುದ್ಧ ಉಪದೇಶ ಮಾಡಿದ ನಮ್ಮೂರಿನ ಗೃಧ್ರಕೂಟ ಬೆಟ್ಟವೇ ಎಂದನಂತೆ. ಇನ್ನು ಬುದಾಯ್ ಬೊಂಬೆಯನ್ನು ಯಾರಾದರೂ ಉಡುಗೊರೆ ಕೊಟ್ಟರೆ ಮಾತ್ರ ಫಲ, ನಾವೇ ಕೊಂಡರೆ ಇಲ್ಲ ಎನ್ನುತ್ತಾರಲ್ಲ, ಅದು ನನಗೆ ಅಂಗಡಿಯವರ ಶಾಸ್ತ್ರದ ಹಾಗೆ ಕಾಣುತ್ತದೆ.

ಬಿಳಿ ಸೆರಗು ತಲೆ ಮೇಲೆ ಹೊದ್ದು, ಕೈಯಲ್ಲಿ ಪುಟ್ಟ ಹೂಜಿ ಹಿಡಿದ ಹೆಂಗಸು ಗ್ವಾನ್‌ಯಿನ್. ಲೋಕದ ಕೂಗಿಗೆ ಕಿವಿಗೊಡುವವಳು ಎಂಬ ಅರ್ಥದ ಹೆಸರು. ಭಾರತದಲ್ಲಿ ಇವಳು ಗಂಡಸು, ಬೌದ್ಧರ ಕರುಣೆಯ ದೇವರಾದ ಅವಲೋಕಿತೇಶ್ವರ. ಚೀನಾಕ್ಕೆ ಹೋಗಿ, ಸುಮಾರು ಸಾಂಗ್ ಕಾಲದ ಹೊತ್ತಿಗೆ ಹೆಣ್ಣಾಗುತ್ತ ಬಂದ. ಮಗುವನ್ನು ಎತ್ತಿಕೊಂಡ ಗ್ವಾನ್‌ಯಿನ್‌ಗೆ ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ. ಇವಳ ಹಳೆಯ ರೂಪ ನೋಡಲು ನಾವು ದೂರ ಹೋಗಬೇಕಿಲ್ಲ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಇದ್ದಾನಲ್ಲ, ಅವನೇ. ಆಳುಪ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದೆಂದು ಪೀಠದ ಶಾಸನ ಹೇಳುತ್ತದೆ. ಅಲ್ಲಿ ಗಂಭೀರವಾಗಿ ಕೂತ ಗಂಡು ದೇವರು, ಇಲ್ಲಿ ಮೇಜಿನ ಮೇಲೆ ಸೆರಗು ಹೊದ್ದ ತಾಯಿ. ಇಬ್ಬರೂ ಒಬ್ಬರೇ ಎಂದರೆ ಮೊದಲು ನನಗೂ ನಂಬಿಕೆ ಬರಲಿಲ್ಲ.

ಕೆತ್ತುವವರಿಗೆ ಅಚ್ಚುಮೆಚ್ಚು ಮಾತ್ರ ಇವರಿಬ್ಬರಿಗಿಂತ ಅರ್ಹಂತರು, ಅಂದರೆ ಆಸೆಯ ಬಂಧನ ಕಳಚಿಕೊಂಡ ಬುದ್ಧನ ಶಿಷ್ಯರು. ಚೀನೀ ನಾಲಿಗೆಯಲ್ಲಿ ಲ್ವೊಹಾನ್. ಮೈತ್ರೇಯ ಬರುವವರೆಗೆ ಲೋಕದಲ್ಲೇ ಇದ್ದು ಧರ್ಮ ಕಾಯಿರಿ ಎಂದು ಬುದ್ಧ ಇಂಥ 16 ಜನರಿಗೆ ಹೇಳಿದ ಎಂಬ ಗ್ರಂಥವೊಂದಿದೆ. ಅದನ್ನು 654ರಲ್ಲಿ ಚೀನೀ ಭಾಷೆಗೆ ತಂದವನು ಹ್ಯೂಯೆನ್ ತ್ಸಾಂಗ್. ಹೌದು, ಇಮ್ಮಡಿ ಪುಲಿಕೇಶಿಯ ನಾಡನ್ನು ಬಣ್ಣಿಸಿದ, ನಮ್ಮ ಪಾಠಪುಸ್ತಕದ ಅದೇ ಹ್ಯೂಯೆನ್ ತ್ಸಾಂಗ್. 16 ಜನ ಚೀನಾದಲ್ಲಿ ಮುಂದೆ 18 ಆದರು. ಹೆಚ್ಚಾಗಿ ಸೇರಿದ ಇಬ್ಬರಲ್ಲಿ ಒಬ್ಬ ಡ್ರ್ಯಾಗನ್ ಪಳಗಿಸಿದವನು, ಇನ್ನೊಬ್ಬ ಹುಲಿ ಪಳಗಿಸಿದವನು.

ಅರ್ಹಂತರು ಯಾಕೆ ಅಷ್ಟು ಇಷ್ಟ? ಬುದ್ಧನ ಮುಖಕ್ಕೆ ಅಳತೆ ಇದೆ, ಲಕ್ಷಣ ಇದೆ, ಆಚೀಚೆ ಮಾಡುವಂತಿಲ್ಲ. ಅರ್ಹಂತರಿಗೆ ಆ ಕಟ್ಟಿಲ್ಲ. ಇಳಿಬಿದ್ದ ಹುಬ್ಬು, ಎಲುಬು ಕಾಣುವ ಎದೆ, ಉಬ್ಬಿದ ಹಣೆ, ಕಿವಿ ಕೆರೆದುಕೊಳ್ಳುವ ಭಂಗಿ, ಏನು ಬೇಕಾದರೂ ಮಾಡಬಹುದು. ಕಲ್ಲು ಹೇಗಿದೆಯೋ ಹಾಗೆ ಮುದುಕನನ್ನು ಬಗ್ಗಿಸಬಹುದು. 17ನೇ ಶತಮಾನದಲ್ಲಿ ಫೂಜಿಯಾನಿನ ಯಾಂಗ್ ಯುಷ್ವೆನ್ ಇದರಲ್ಲಿ ಎಲ್ಲರಿಗಿಂತ ಮುಂದೆ ಹೋದ. ಅವನ ಅರ್ಹಂತರ ಬಟ್ಟೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಹೂಬಳ್ಳಿ, ಕೆಲವಕ್ಕೆ ಅದರೊಳಗೆ ಚಿನ್ನದ ಬಣ್ಣ. ಕೆಲಸದ ಮೇಲೆ ತನ್ನ ಹೆಸರನ್ನೂ ಕೊರೆದ. ಹೊಯ್ಸಳ ಶಿಲ್ಪಿಗಳು ಮಲ್ಲಿತಮ್ಮ, ದಾಸೋಜ ಎಂದು ವಿಗ್ರಹದ ಕೆಳಗೆ ಹೆಸರು ಬರೆದ ಹಾಗೆ. ಅವನ ನಂತರದ ಜೌ ಬಿನ್ ಇನ್ನೂ ಕಿಲಾಡಿ, ಅಂಚಿನ ಚಿತ್ತಾರದೊಳಗೇ ಹೆಸರು ಅಡಗಿಸುತ್ತಿದ್ದ. ಯಾಂಗ್ ಯುಷ್ವೆನ್ ಕೆತ್ತಿದ, ಹುಲಿ ಪಳಗಿಸಿದ ಅರ್ಹಂತ ಒಬ್ಬ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದ್ದಾನೆ.

ಅತ್ತೆ ಮನೆಯ ಬೊಂಬೆ ಅಂಥ ದೊಡ್ಡವರ ಕೈಯದಲ್ಲ. ಅದು ವ್ಯಾಪಾರದ ಮಾಲು, ಬಹುಶಃ ಚಿಂಗ್‌ತ್ಯೆನ್ ಕಡೆಯದು. ಆ ಊರಿನ ಕಥೆಯೂ ಕಡಿಮೆಯದಲ್ಲ. ಗುಡ್ಡಗಾಡು, ಹೊಲ ಕಡಿಮೆ, ಬಡತನ. 19ನೇ ಶತಮಾನದ ಕೊನೆಗೆ ಅಲ್ಲಿನ ಜನ ಕಲ್ಲಿನ ಬೊಂಬೆಗಳನ್ನು ಗಂಟು ಕಟ್ಟಿಕೊಂಡು ಯುರೋಪಿನವರೆಗೂ ಹೋಗಿ ಬೀದಿಯಲ್ಲಿ ಮಾರಿದರು. ಹಾಗೆ ಹೋದವರು ಅಲ್ಲೇ ನಿಂತರು. ಇಂದಿಗೂ ಸ್ಪೇನ್, ಇಟಲಿಯ ಚೀನೀಯರಲ್ಲಿ ಚಿಂಗ್‌ತ್ಯೆನ್ ಮೂಲದವರು ಬಹಳ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪನಾಮಾ ಪೆಸಿಫಿಕ್ ಪ್ರದರ್ಶನದಲ್ಲಿ ಈ ಕೆತ್ತನೆಗಳಿಗೆ ಬಹುಮಾನವೂ ಬಂತು. ಕೊಳ್ಳುವವರ ರುಚಿಗೆ ತಕ್ಕಂತೆ ಮಾಲೂ ಬದಲಾಯಿತು. ಕೆಟ್ಟದ್ದು ನೋಡದ, ಕೇಳದ, ಆಡದ ಮೂರು ಮಂಗಗಳನ್ನೇ ನೋಡಿ. ಅವು ಜಪಾನಿನವು. ‘ಮಾಡದ’ ಎನ್ನುವ ಪ್ರತ್ಯಯಕ್ಕೂ ಮಂಗಕ್ಕೂ ಅಲ್ಲಿನ ಭಾಷೆಯಲ್ಲಿ ಒಂದೇ ಥರದ ಉಚ್ಚಾರ ಇರುವುದರಿಂದ ಹುಟ್ಟಿದ ತಮಾಷೆ. ಪಾಶ್ಚಾತ್ಯರು ಇಷ್ಟಪಟ್ಟರು, ಚೀನಾದವರು ರಾಶಿ ರಾಶಿ ಕೆತ್ತಿ ಕಳಿಸಿದರು. ತಳದ ‘ಚೈನಾ’ ಕೂಡ ವ್ಯಾಪಾರದ ಗುರುತೇ. ಆಮದು ಮಾಲಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ಆ ಗುರುತಿದ್ದರೆ ಸಾಮಾನ್ಯವಾಗಿ ಅದರ ಈಚೆಗಿನದು, ರಫ್ತಿಗೆ ಮಾಡಿದ್ದು.

ಕೊಳ್ಳುವ ಮನಸ್ಸಿದ್ದವರಿಗೆ ಒಂದು ಮಾತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಹಳೇ ಚೀನೀ ಕಲ್ಲು’ ಅಂತ ಹೇಳಿದ್ದನ್ನು ನಂಬಿ ಒಂದು ಬುದಾಯ್ ತಂದೆ. ಮನೆಗೆ ಬಂದು ಬಿಸಿ ಸೂಜಿಯನ್ನು ತಳಕ್ಕೆ ಚುಚ್ಚಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ! ಕಲ್ಲಿನ ಪುಡಿಗೆ ರಾಳ ಕಲಸಿ ಅಚ್ಚಿಗೆ ಹೊಯ್ದ ಮಾಲು. ಮುಂಚೆಯೇ ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಎರಡು ಅಚ್ಚು ಕೂಡಿದ ಸಣ್ಣ ಗೆರೆ ಮಗ್ಗುಲಲ್ಲೇ ಇತ್ತು. ಪಕ್ಕದ ಬೊಂಬೆಯ ನಗುವೂ ತದ್ರೂಪು ಅದೇ. ನಿಜವಾದ ಕಲ್ಲು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ. ತೋಳಿನ ಸಂದು, ಬಟ್ಟೆಯ ಮಡಿಕೆಯ ಒಳಗೆ ಉಳಿಯ ಗುರುತು ಉಳಿದಿರುತ್ತದೆ, ಯಾಕೆಂದರೆ ಅಲ್ಲಿ ಉಜ್ಜಲು ಕೈ ಹೋಗುವುದಿಲ್ಲ. ತಳವನ್ನು ಕೆರೆದರೆ ಬಿಳಿ ಪುಡಿ ಬರುತ್ತದೆ. ಆದರೆ ಅಂಗಡಿಯಲ್ಲಿ ಕೆರೆಯಲು ಹೋಗಬೇಡಿ. ‘ಜೇಡ್’ ಅಂತ ಹೇಳಿ ಈ ಮೆದು ಕಲ್ಲನ್ನು ಕೊಡುವವರೂ ಇದ್ದಾರೆ. ಜೇಡ್ ಉಗುರಿಗೆ, ಚಾಕುವಿಗೆ ಜಗ್ಗುವುದಿಲ್ಲ. ಮನೆಗೆ ತಂದ ಮೇಲೆ ಬಿಸಿಲಿಗೂ ಒಲೆಯ ಹತ್ತಿರವೂ ಇಡಬೇಡಿ, ಬಿರುಕು ಬಿಡುತ್ತದೆ. ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಹೋದ ದೀಪಾವಳಿಗೆ ಅತ್ತೆ ಮನೆಗೆ ಹೋದಾಗ ಬೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆ ಪ್ರಾಣಿಯ ಬೆನ್ನಿನಲ್ಲಿ ಸಣ್ಣಗೆ ಪಟ್ಟೆ ಕೊರೆದಿದೆ. ಹಣೆಯ ಮೇಲೆ ಮೂರು ಅಡ್ಡ ಗೆರೆ, ಒಂದು ಉದ್ದ ಗೆರೆ. ಅದು ಚೀನೀ ಲಿಪಿಯಲ್ಲಿ ‘ರಾಜ’ ಎಂಬ ಅಕ್ಷರ, ಹುಲಿಯ ಹಣೆಯಲ್ಲಿ ಇರುವಂಥದ್ದು. ವಿಹಾರದ ಹೊರಗೆ ಹಸಿವಿನಿಂದ ಗರ್ಜಿಸುತ್ತಿದ್ದ ಹುಲಿಗೆ ದಿನಾ ತನ್ನ ಊಟದಲ್ಲಿ ಪಾಲು ಕೊಟ್ಟು ಪಳಗಿಸಿದ ಅರ್ಹಂತ ಇವನು. ಚೆನ್‌ಲುಂಗ್ ಚಕ್ರವರ್ತಿಯ ಕಾಲದಲ್ಲಿ ಇವನನ್ನೂ ಮೈತ್ರೇಯ ಎಂದೇ ಎಣಿಸಿದರು. ಅಂದರೆ ಆ ದಪ್ಪ ಹೊಟ್ಟೆಯ ಬುದಾಯ್‌ಗೆ ಇವನು ಒಂದು ಲೆಕ್ಕದಲ್ಲಿ ಬೇರೆಯವನೇ ಅಲ್ಲ.

ಇಷ್ಟನ್ನೂ ಅತ್ತೆಗೆ ಹೇಳಿದೆ. ಅವರು ಕನ್ನಡಕ ಏರಿಸಿ ಹುಲಿಯ ಹಣೆ ನೋಡಿದರು. ‘ಹೌದಾ, ಹುಲಿಯಾ ಇದು?’ ಅಂದರು. ಆಮೇಲೆ ಮೊಮ್ಮಗಳನ್ನು ಕರೆದು ಬೊಂಬೆ ಅವಳ ಕೈಗಿತ್ತರು. ‘ಬೆಕ್ಕಿನ ತಾತನನ್ನು ಒಳಗೆ ಇಟ್ಟು ಬಾ ಮಗಾ. ನೆಲಕ್ಕೆ ಉಜ್ಜಬೇಡ.’